ರಜೆಗೆ ಕಾನೂನು ತಂದ ಬ್ಯಾಂಕರ್: ಸರ್ ಜಾನ್ ಲಬಕ್

ವಾಣಿಜ್ಯ ವಿಭಾಗದ ನಾವು ವಿನಿಮಯ ಬಿಲ್ಲಿನ ಬಗ್ಗೆ ಓದುವಾಗ ಒಂದು ಸಣ್ಣ ನಿಯಮ ಕಲಿಯುತ್ತೇವೆ. ಬಿಲ್ಲಿನ ಅವಧಿಗೆ ಮೂರು ಗ್ರೇಸ್ ದಿನ ಸೇರಿಸಬೇಕು. ಹಾಗೆ ಬಂದ ತಾರೀಖು ಸಾರ್ವಜನಿಕ ರಜೆಯ ದಿನವಾಗಿದ್ದರೆ ಅದರ ಹಿಂದಿನ ಕೆಲಸದ ದಿನವೇ ಹಣ ಕೊಡಬೇಕು. ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಸಾಕು. ಆದರೆ ಹಣದ ಲೆಕ್ಕಕ್ಕೂ ರಜೆಗೂ ಏನು ಸಂಬಂಧ? ರಜೆ ಎಂಬುದು ಕಾನೂನಿನ ಪುಸ್ತಕದೊಳಗೆ ಬಂದದ್ದು ಹೇಗೆ? ಈ ಪ್ರಶ್ನೆ ಹಿಡಿದು ಹೊರಟರೆ ನಾವು 150 ವರ್ಷ ಹಿಂದಿನ ಇಂಗ್ಲೆಂಡಿಗೆ ಹೋಗಿ ಒಬ್ಬ ಬ್ಯಾಂಕರ್ ಮುಂದೆ ನಿಲ್ಲುತ್ತೇವೆ. ಅವರ ಹೆಸರು ಸರ್ ಜಾನ್ ಲಬಕ್.

ವಿಜ್ಞಾನ ವಿಭಾಗದವರು ಇವರನ್ನು ಇರುವೆಗಳ ಅಧ್ಯಯನ ಮಾಡಿದವರೆಂದು ಹೇಳಬಹುದು. ಇತಿಹಾಸ ಓದುವವರು ಹಳೆ ಶಿಲಾಯುಗ, ಹೊಸ ಶಿಲಾಯುಗ ಎಂಬ ವಿಭಾಗಕ್ಕೆ ಹೆಸರಿಟ್ಟವರೆಂದು ಹೇಳಬಹುದು. ಮೂರೂ ಸರಿ, ಮೂವರೂ ಒಬ್ಬರೇ. ಆದರೆ ಅವರ ಕಾಲದ ಸಾಮಾನ್ಯ ಜನ ಅವರನ್ನು ನೆನೆದದ್ದು ರಜೆ ತಂದುಕೊಟ್ಟವರು ಎಂದೇ.

ಬಾಲ್ಯ ಮತ್ತು ನೆರೆಮನೆಯ ಗುರು

ಜಾನ್ ಲಬಕ್ ಹುಟ್ಟಿದ್ದು 1834ರ ಏಪ್ರಿಲ್ 30ರಂದು, ಲಂಡನ್ನಿನಲ್ಲಿ. ತಂದೆಯ ಹೆಸರೂ ಜಾನ್ ಲಬಕ್. ಅವರು ಬ್ಯಾಂಕ್ ನಡೆಸುತ್ತಿದ್ದರು, ಜತೆಗೆ ಗಣಿತ ಮತ್ತು ಖಗೋಳ ವಿಜ್ಞಾನದಲ್ಲಿ ದೊಡ್ಡ ಪಂಡಿತರು. ಮಗನಿಗೆ ಸುಮಾರು ಆರು ವರ್ಷವಾಗಿದ್ದಾಗ ಕುಟುಂಬ ಕೆಂಟ್ ಪ್ರಾಂತ್ಯದ ಡೌನ್ ಎಂಬ ಹಳ್ಳಿಯ ಹತ್ತಿರವಿರುವ ಹೈ ಎಲ್ಮ್ಸ್ ಎಂಬ ಮನೆಗೆ ಬಂದು ನೆಲೆಸಿತು.

1842ರಲ್ಲಿ ಒಂದು ದಿನ ತಂದೆ ಮನೆಗೆ ಬಂದು, ಬಹಳ ಒಳ್ಳೆಯ ಸುದ್ದಿಯೊಂದು ಇದೆ ಎಂದರಂತೆ. ಹುಡುಗ ತನಗೊಂದು ಪುಟ್ಟ ಕುದುರೆ ಬರುತ್ತದೆ ಎಂದುಕೊಂಡ. ಸುದ್ದಿ ಅದಲ್ಲ. ಚಾರ್ಲ್ಸ್ ಡಾರ್ವಿನ್ ಎಂಬ ವಿಜ್ಞಾನಿ ಡೌನ್ ಹಳ್ಳಿಗೆ ವಾಸಕ್ಕೆ ಬರುತ್ತಿದ್ದಾರೆ ಎಂಬುದೇ ಆ ಸುದ್ದಿ. ಎಂಟು ವರ್ಷದ ಹುಡುಗನಿಗೆ ನಿರಾಸೆಯಾಯಿತು. ಆದರೆ ಮುಂದೆ ಆ ನೆರೆಮನೆಯವರೇ ಅವನಿಗೆ ಗುರುವಾದರು. ಸೂಕ್ಷ್ಮದರ್ಶಕದಲ್ಲಿ ನೋಡುವುದು, ಚಿತ್ರ ಬರೆಯುವುದು, ಕಂಡದ್ದನ್ನು ಬರೆದಿಡುವುದು ಎಲ್ಲವನ್ನೂ ಲಬಕ್ ಡಾರ್ವಿನ್ ಹತ್ತಿರ ಕಲಿತರು. ಕೊನೆಗೆ 1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಗಣ್ಯರಲ್ಲಿ ಲಬಕ್ ಕೂಡ ಒಬ್ಬರು.

ಓದಿಗೆ ಅವರನ್ನು ಈಟನ್ ಎಂಬ ಪ್ರಸಿದ್ಧ ಶಾಲೆಗೆ ಕಳುಹಿಸಿದ್ದರು. ಆದರೆ ಸುಮಾರು 14ನೇ ವಯಸ್ಸಿನಲ್ಲೇ ಶಾಲೆ ಬಿಡಿಸಿದರು. ತಂದೆಯ ಬ್ಯಾಂಕಿನಲ್ಲಿ ಪಾಲುದಾರರಿಗೆ ಕಾಯಿಲೆಯಾಗಿ ಕೆಲಸಕ್ಕೆ ಜನ ಸಾಲದೆ ಹೋಯಿತು. ಶ್ರೀಮಂತರ ಮಗನಾದರೂ ನಮಗಿಂತ ಚಿಕ್ಕ ವಯಸ್ಸಿನಲ್ಲಿ ಲೆಕ್ಕದ ಪುಸ್ತಕದ ಮುಂದೆ ಕೂರಬೇಕಾಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವರು ಹತ್ತಲೇ ಇಲ್ಲ. ಆದರೂ ಮುಂದೆ 1872ರಿಂದ 1880ರವರೆಗೆ ಲಂಡನ್ ವಿಶ್ವವಿದ್ಯಾಲಯದ ಉಪಕುಲಪತಿಯಾದರು. ಬೆಳಿಗ್ಗೆ ಬೇಗ ಎದ್ದು ಓದು, ಹಗಲು ಬ್ಯಾಂಕು, ಸಂಜೆ ಮತ್ತೆ ಪುಸ್ತಕ. ಇದು ಅವರ ದಿನಚರಿ.

ಬ್ಯಾಂಕಿನ ಕೆಲಸ

ಬ್ಯಾಂಕಿನಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಆಗ ಲಂಡನ್ನಿನ ಬ್ಯಾಂಕುಗಳು ಪರಸ್ಪರ ಚೆಕ್ಕುಗಳನ್ನು ಕ್ಲಿಯರಿಂಗ್ ಹೌಸ್ ಎಂಬಲ್ಲಿ ವಿನಿಮಯ ಮಾಡಿಕೊಳ್ಳುತ್ತಿದ್ದವು. ಊರೂರುಗಳ ಸಣ್ಣ ಬ್ಯಾಂಕುಗಳಿಗೆ ಆ ಅನುಕೂಲ ಇರಲಿಲ್ಲ. ಅವುಗಳ ಚೆಕ್ಕುಗಳನ್ನೂ ಕ್ಲಿಯರಿಂಗ್ ವ್ಯವಸ್ಥೆಯೊಳಗೆ ತರುವುದರಲ್ಲಿ ಲಬಕ್ ಮುಖ್ಯ ಪಾತ್ರ ವಹಿಸಿದರು. 1879ರಲ್ಲಿ ಬ್ಯಾಂಕ್ ನೌಕರರ ಶಿಕ್ಷಣಕ್ಕಾಗಿ ಬ್ಯಾಂಕರುಗಳ ಸಂಸ್ಥೆ ಶುರುವಾದಾಗ ಅದರ ಮೊದಲ ಅಧ್ಯಕ್ಷರೂ ಅವರೇ.

1865ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ ಸರ್ ಎಂಬ ಬಿರುದು ವಂಶದಿಂದ ಬಂತು. ಅದೇ ವರ್ಷ, ಮತ್ತೆ 1868ರಲ್ಲಿ, ಸಂಸತ್ತಿನ ಚುನಾವಣೆಗೆ ನಿಂತು ಎರಡೂ ಸಲ ಸೋತರು. ಮೂರನೇ ಪ್ರಯತ್ನದಲ್ಲಿ, 1870ರಲ್ಲಿ, ಮೇಡ್‌ಸ್ಟೋನ್ ಕ್ಷೇತ್ರದಿಂದ ಗೆದ್ದರು. ಮರುವರ್ಷವೇ ಅವರ ರಜೆಯ ಮಸೂದೆ ಬಂತು.

ರಜೆ ಇಲ್ಲದ ಕಾಲ

ಆಗಿನ ಪರಿಸ್ಥಿತಿ ಏನಿತ್ತು ಎಂದು ಮೊದಲು ನೋಡಬೇಕು. ಒಂದು ಕಾಲದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಸಂತರ ಹಬ್ಬಗಳೆಂದು ವರ್ಷಕ್ಕೆ ಮೂವತ್ತಕ್ಕೂ ಹೆಚ್ಚು ದಿನ ಮುಚ್ಚುತ್ತಿತ್ತು. ಕಾರ್ಖಾನೆಗಳು, ವ್ಯಾಪಾರ, ರೈಲು ಎಲ್ಲ ಬೆಳೆದಂತೆ ರಜೆಗಳನ್ನು ಒಂದೊಂದಾಗಿ ತೆಗೆದು ಹಾಕಿದರು. 1834ರಲ್ಲಿ, ಅಂದರೆ ಲಬಕ್ ಹುಟ್ಟಿದ ವರ್ಷವೇ, ನಾಲ್ಕು ರಜೆ ಮಾತ್ರ ಉಳಿದವು: ಗುಡ್ ಫ್ರೈಡೇ, ಕ್ರಿಸ್‌ಮಸ್, ಮೇ 1 ಮತ್ತು ನವೆಂಬರ್ 1. ಕಡೆಯ ಎರಡು ತಾರೀಖುಗಳು ಇವತ್ತು ಕರ್ನಾಟಕದಲ್ಲೂ ರಜೆಯ ದಿನಗಳೇ, ಆದರೆ ಕಾರಣ ಬೇರೆ. ನಮಗೆ ಮೇ 1 ಕಾರ್ಮಿಕರ ದಿನ, ನವೆಂಬರ್ 1 ಕನ್ನಡ ರಾಜ್ಯೋತ್ಸವ.

ಬ್ಯಾಂಕ್ ಮಾಲೀಕರು ಮನಸ್ಸು ಮಾಡಿ ಇನ್ನೊಂದು ದಿನ ಬಾಗಿಲು ಹಾಕಬಹುದಿತ್ತಲ್ಲ? ಹಾಕುವಂತಿರಲಿಲ್ಲ. ಇಲ್ಲೇ ನಮ್ಮ ವಿನಿಮಯ ಬಿಲ್ಲು ಬರುವುದು. ಒಬ್ಬ ವ್ಯಾಪಾರಿಯ ಬಿಲ್ಲಿನ ಹಣ ಆ ದಿನವೇ ಕೊಡಬೇಕಾಗಿದ್ದು, ಆ ದಿನ ಬ್ಯಾಂಕ್ ಮುಚ್ಚಿದ್ದರೆ ಬಿಲ್ಲು ಅಮಾನ್ಯವಾಗುತ್ತದೆ. ವ್ಯಾಪಾರಿಯ ಮಾತಿಗೆ ಬೆಲೆ ಹೋಗುತ್ತದೆ. ಒಂದು ಬಿಲ್ಲು ಬಿದ್ದರೆ ಅದನ್ನು ನಂಬಿದ ಇನ್ನೊಬ್ಬರ ವ್ಯವಹಾರವೂ ಬೀಳುತ್ತದೆ. ಹಾಗಾಗಿ ಕಾನೂನು ಬದಲಾಗದೆ ಒಬ್ಬ ಗುಮಾಸ್ತನಿಗೂ ರಜೆ ಸಿಗುವಂತಿರಲಿಲ್ಲ.

ಉಳಿದದ್ದು ಭಾನುವಾರ ಒಂದೇ. ಆ ದಿನ ಪ್ರಾರ್ಥನೆಗೆ ಮೀಸಲು. ಮನರಂಜನೆಯ ಜಾಗಗಳು ಬಹುತೇಕ ಮುಚ್ಚಿರುತ್ತಿದ್ದವು. ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಊರಾಚೆ ಹೋಗಿ ಬರಲು ಒಂದು ದಿನ ಸಾಲುತ್ತಲೂ ಇರಲಿಲ್ಲ.

1871ರ ಕಾಯ್ದೆ

ಲಬಕ್ ಹುಡುಕಿದ ದಾರಿ ಸರಳವಾಗಿತ್ತು. ಕೆಲವು ದಿನಗಳನ್ನು ಬ್ಯಾಂಕ್ ರಜೆ ಎಂದು ಘೋಷಿಸುವುದು, ಆ ದಿನ ಕೊಡಬೇಕಾದ ಬಿಲ್ಲಿನ ಹಣವನ್ನು ಮರುದಿನ ಕೊಟ್ಟರೂ ಸರಿ ಎಂದು ಕಾನೂನು ಮಾಡುವುದು. ಇಷ್ಟು ಮಾಡಿದರೆ ಯಾರ ಮಾತೂ ಬೀಳುವುದಿಲ್ಲ, ಬ್ಯಾಂಕ್ ಧೈರ್ಯವಾಗಿ ಬಾಗಿಲು ಹಾಕಬಹುದು. ಬ್ಯಾಂಕ್ ಮುಚ್ಚಿದರೆ ಹಣದ ವ್ಯವಹಾರ ನಿಲ್ಲುತ್ತದೆ, ಅದು ನಿಂತರೆ ಅಂಗಡಿ ಮತ್ತು ಕಚೇರಿಗಳೂ ತಾವಾಗಿಯೇ ಮುಚ್ಚುತ್ತವೆ.

ಹೆಸರಿನಲ್ಲೂ ಅವರು ಜಾಣತನ ತೋರಿಸಿದರು. ರಾಷ್ಟ್ರೀಯ ರಜೆ ಅಥವಾ ಎಲ್ಲರ ರಜೆ ಎಂದು ಕರೆದಿದ್ದರೆ ಕಾರ್ಖಾನೆ ಮಾಲೀಕರು ಎದ್ದು ನಿಂತು ವಿರೋಧಿಸುತ್ತಿದ್ದರು. ಬ್ಯಾಂಕ್ ರಜೆ ಎಂದಾಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1871ರ ಮೇ 25ರಂದು ಕಾಯ್ದೆ ಅಂಗೀಕಾರವಾಯಿತು.

ಇಂಗ್ಲೆಂಡ್, ವೇಲ್ಸ್ ಮತ್ತು ಐರ್ಲೆಂಡಿಗೆ ನಾಲ್ಕು ಹೊಸ ರಜೆ ಸಿಕ್ಕವು: ಈಸ್ಟರ್ ಸೋಮವಾರ, ವಿಟ್ ಸೋಮವಾರ, ಆಗಸ್ಟ್ ತಿಂಗಳ ಮೊದಲ ಸೋಮವಾರ ಮತ್ತು ಡಿಸೆಂಬರ್ 26. ಸ್ಕಾಟ್ಲೆಂಡಿನ ಪದ್ಧತಿ ಬೇರೆ. ಅಲ್ಲಿಗೆ ಹೊಸ ವರ್ಷದ ದಿನ, ಗುಡ್ ಫ್ರೈಡೇ, ಮೇ ಮತ್ತು ಆಗಸ್ಟ್ ತಿಂಗಳ ಮೊದಲ ಸೋಮವಾರ ಹಾಗೂ ಕ್ರಿಸ್‌ಮಸ್ ಎಂದು ಬೇರೆ ಪಟ್ಟಿಯೇ ಇತ್ತು. 1903ರಲ್ಲಿ ಐರ್ಲೆಂಡಿಗೆ ಮಾತ್ರ ಮಾರ್ಚ್ 17 ಸೇರಿತು. ಅಂದರೆ ಒಂದೇ ದೇಶದಲ್ಲಿ ಪ್ರದೇಶಕ್ಕೆ ತಕ್ಕ ರಜೆ ಎಂಬ ವಿಚಾರ ಮೊದಲಿನಿಂದಲೇ ಇತ್ತು. ನಮ್ಮ ರಾಜ್ಯೋತ್ಸವ ಕರ್ನಾಟಕದಲ್ಲಿ ಇದ್ದು ಬಿಹಾರದಲ್ಲಿ ಇಲ್ಲದಿರುವುದು ಇದೇ ರೀತಿ.

ಹೆಚ್ಚಿನ ರಜೆಗಳು ಸೋಮವಾರವೇ ಇರುವುದನ್ನು ಗಮನಿಸಿ. ಭಾನುವಾರದ ಜತೆ ಸೋಮವಾರ ಸೇರಿದರೆ ಎರಡು ದಿನ ಒಟ್ಟಿಗೆ ಸಿಗುತ್ತದೆ. ಆಗಸ್ಟ್ ಸೋಮವಾರಕ್ಕಂತೂ ಯಾವ ಧರ್ಮದ ಹಬ್ಬದ ಸಂಬಂಧವೂ ಇರಲಿಲ್ಲ. ಬೇಸಿಗೆಯಲ್ಲಿ ಮನೆಯವರೆಲ್ಲ ಒಟ್ಟಿಗೆ ಇರಲಿ ಎಂದು ಕೊಟ್ಟ ದಿನ ಅದು. 1871ರ ಆಗಸ್ಟ್ 7ರಂದು ಆ ರಜೆ ಮೊದಲ ಸಲ ಬಂದಾಗ ಲಂಡನ್ನಿನ ರೈಲು ನಿಲ್ದಾಣಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಸಮುದ್ರ ತೀರಕ್ಕೆ ಹೋಗಲು ಕುಟುಂಬ ಸಮೇತ ಬಂದಿದ್ದರು. ಜನ ಪ್ರೀತಿಯಿಂದ, ತಮಾಷೆಯಿಂದ ಆ ದಿನಕ್ಕೆ ಸಂತ ಲಬಕ್ ದಿನ ಎಂದೇ ಹೆಸರಿಟ್ಟರು. ಹಿಂದೆ ಸಂತರ ಹೆಸರಿನ ರಜೆಗಳನ್ನು ಕಿತ್ತುಕೊಂಡಿದ್ದರು. ಈಗ ಜನರೇ ಒಬ್ಬ ಬ್ಯಾಂಕರನ್ನು ಸಂತ ಮಾಡಿಬಿಟ್ಟರು.

ಕಾಯ್ದೆಯಲ್ಲಿ ಇಲ್ಲದ ಒಂದು ಮಾತು

ಇಷ್ಟೆಲ್ಲ ಒಳ್ಳೆಯದಾದರೂ ಕಾಯ್ದೆಯಲ್ಲಿ ಒಂದು ಮಾತು ಇರಲಿಲ್ಲ. ಆ ದಿನದ ಕೂಲಿಯ ಮಾತು. ತಿಂಗಳ ಸಂಬಳದ ಗುಮಾಸ್ತನಿಗೆ ರಜೆ ಎಂದರೆ ಪೂರ್ತಿ ಲಾಭ. ದಿನಗೂಲಿಯವನಿಗೆ ಹಾಗಲ್ಲ. ಬಾಗಿಲು ಮುಚ್ಚಿದರೆ ಅವನ ಆದಾಯವೂ ಮುಚ್ಚುತ್ತದೆ. ಬ್ರಿಟನ್ನಿನಲ್ಲಿ ಸಂಬಳ ಸಹಿತ ರಜೆಯ ಕಾಯ್ದೆ ಬಂದದ್ದು 1938ರಲ್ಲಿ, ಲಬಕ್ ಕಾಯ್ದೆ ಬಂದು 67 ವರ್ಷಗಳ ನಂತರ. ಅದೂ ಕೂಲಿ ನಿಗದಿ ಮಾಡುವ ಮಂಡಳಿಗಳಿಗೆ ವರ್ಷಕ್ಕೆ ಒಂದು ವಾರದವರೆಗೆ ರಜೆ ಕೊಡಿಸುವ ಅಧಿಕಾರ ಮಾತ್ರ. ಇವತ್ತು ಅಲ್ಲಿ ಪೂರ್ಣ ಕೆಲಸ ಮಾಡುವವರಿಗೆ ವರ್ಷಕ್ಕೆ 28 ದಿನ ಸಂಬಳದ ರಜೆ ಇದೆ. ಬ್ಯಾಂಕ್ ರಜೆಗಳನ್ನು ಆ 28ರ ಒಳಗೇ ಸೇರಿಸಿಬಿಡಲು ಮಾಲೀಕರಿಗೆ ಅವಕಾಶವಿದೆ.

ಇದು ದೂರದ ದೇಶದ ವಿಷಯ ಎನ್ನುವಂತಿಲ್ಲ. ನಮ್ಮ ಅಬ್ಬಾ ಬಡಗಿ ಕೆಲಸ ಮಾಡುತ್ತಾರೆ. ಶನಿವಾರ ಬಟವಾಡೆ. ವಾರದ ಮಧ್ಯೆ ಸರ್ಕಾರಿ ರಜೆ ಬಂದು ಕಾರ್ಖಾನೆ ಮುಚ್ಚಿದರೆ ಆ ಶನಿವಾರ ಐದು ದಿನದ ದುಡ್ಡು ಬರುತ್ತದೆ. ನಾನು ಕಾಲೇಜಿಗೆ ರಜೆ ಎಂದು ಖುಷಿಯಿಂದ ಹೇಳಿದರೆ ಅಮ್ಮಿ ಮೊದಲು ಕೇಳುವುದು ಅಬ್ಬಾಗೂ ಛುಟ್ಟಿಯಾ ಎಂದು. ಆ ಪ್ರಶ್ನೆಯಲ್ಲಿ ಖುಷಿ ಇರುವುದಿಲ್ಲ, ಲೆಕ್ಕ ಇರುತ್ತದೆ. ನಮ್ಮ ಕಾಲೇಜಿನ ಎಷ್ಟೋ ಮನೆಗಳಲ್ಲಿ ಹೀಗೇ ಇರಬಹುದು.

ಕನ್ನಡದ ರಜೆ ಎಂಬ ಪದವೇ ನಮ್ಮ ಉರ್ದುವಿನ ರಜಾ ಎಂಬ ಪದದಿಂದ ಬಂದದ್ದು. ಅದರ ಮೂಲ ಅರಬ್ಬಿ. ರಜಾ ಎಂದರೆ ಒಪ್ಪಿಗೆ, ಸಮ್ಮತಿ. ಅಂದರೆ ಮೇಲಿನವರು ಒಪ್ಪಿದರೆ ಮಾತ್ರ ರಜೆ. ಕಾನೂನು ಬಂದ ಮೇಲೆ ಅದು ಒಬ್ಬರ ಒಪ್ಪಿಗೆಯಾಗಿ ಉಳಿಯದೆ ಹಕ್ಕಾಗಬೇಕು. ಪಗಾರ ಸೇರಿದಾಗಲೇ ಅದು ಪೂರ್ತಿ ಹಕ್ಕು.

ನಮ್ಮಲ್ಲಿ ಎರಡು ಕಾನೂನು

ಲಬಕ್ ಕಾಯ್ದೆ ಬಂದು ಹತ್ತು ವರ್ಷಕ್ಕೆ, 1881ರಲ್ಲಿ, ಭಾರತದಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಬಂತು. ಅದರ 25ನೇ ಸೆಕ್ಷನ್ನಿನಲ್ಲೇ ನಾನು ಮೊದಲು ಹೇಳಿದ ನಿಯಮ ಇರುವುದು. ಲಬಕ್ ಮರುದಿನ ಕೊಡಿ ಎಂದರು, ನಮ್ಮ ಕಾಯ್ದೆ ಹಿಂದಿನ ದಿನವೇ ಕೊಡಿ ಎನ್ನುತ್ತದೆ. ಇಂದಿಗೂ ರಾಜ್ಯದಲ್ಲಿ ಬ್ಯಾಂಕುಗಳಿಗೆ ಹಬ್ಬದ ರಜೆ ಘೋಷಣೆಯಾಗುವುದು ಈ ಸೆಕ್ಷನ್ನಿನ ಅಡಿಯಲ್ಲೇ. ಆದರೆ ಈ ಕಾಯ್ದೆ ನೋಡುವುದು ಬಿಲ್ಲು ಮತ್ತು ಚೆಕ್ಕುಗಳನ್ನು. ಕೆಲಸಗಾರನ ಕೂಲಿ ಅದರ ವಿಷಯವಲ್ಲ.

ಅದಕ್ಕೆ ಇನ್ನೊಂದು ಕಾನೂನು ಇದೆ. ಕರ್ನಾಟಕದ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ, 1963. ಕಾರ್ಖಾನೆ, ಅಂಗಡಿ, ವಾಣಿಜ್ಯ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ, ಜತೆಗೆ ಇನ್ನೂ ಐದು ಹಬ್ಬದ ದಿನ, ಒಟ್ಟು ಹತ್ತು. ಈ ದಿನಗಳಿಗೆ ಕೂಲಿ ಕೊಡಬೇಕು. ಆ ದಿನ ಕೆಲಸ ಮಾಡಿಸಿಕೊಂಡರೆ ಎರಡು ಪಟ್ಟು ಕೂಲಿ ಕೊಡಬೇಕು, ಇಲ್ಲವೇ ಆ ದಿನದ ಕೂಲಿಯ ಜತೆಗೆ ಬೇರೊಂದು ದಿನ ಕೂಲಿ ಸಹಿತ ರಜೆ ಕೊಡಬೇಕು.

ಒಂದು ಉದಾಹರಣೆ ಲೆಕ್ಕ ಹಾಕೋಣ. ದಿನಕ್ಕೆ 600 ರೂಪಾಯಿ ಕೂಲಿ ಎಂದಿಟ್ಟುಕೊಳ್ಳಿ. ಹತ್ತು ರಜೆಗೆ ವರ್ಷಕ್ಕೆ 6,000 ರೂಪಾಯಿ. ರಾಜ್ಯೋತ್ಸವದ ದಿನ ಕೆಲಸ ಮಾಡಿದರೆ ಆ ಒಂದು ದಿನಕ್ಕೆ 1,200 ರೂಪಾಯಿ. ಒಂದು ಕುಟುಂಬಕ್ಕೆ 6,000 ರೂಪಾಯಿ ಎಂದರೆ ಮಕ್ಕಳ ಪುಸ್ತಕ, ಯೂನಿಫಾರ್ಮ್ ಮತ್ತು ಬಸ್ ಪಾಸಿನ ದುಡ್ಡು. ಆದರೆ ಇದು ಸಿಗಬೇಕಾದರೆ ಹೆಸರು ಹಾಜರಿ ಪುಸ್ತಕದಲ್ಲಿರಬೇಕು. ಚೀಟಿಯಲ್ಲಿ ಲೆಕ್ಕ ಬರೆದು ಕೈಗೆ ದುಡ್ಡು ಕೊಡುವ ಕಡೆ ಕೆಲಸಗಾರ ಯಾವ ಕಾನೂನಿಗೂ ಕಾಣಿಸುವುದಿಲ್ಲ.

ಹದಿನೆಂಟರ ಒಳಗಿನವರಿಗಾಗಿ

ಲಬಕ್ ಅವರಿಗೆ ಈ ಕೊರತೆ ಕಾಣದೆ ಇರಲಿಲ್ಲ ಎಂದು ನನಗನಿಸುತ್ತದೆ. ಯಾಕೆಂದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಅಂಗಡಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರ ಪರವಾಗಿ ಹೋರಾಡಿದರು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೌಂಟರ್ ಹಿಂದೆ ನಿಂತೇ ಇರಬೇಕಿತ್ತು. 1886ರಲ್ಲಿ ಅವರ ಪ್ರಯತ್ನದಿಂದ ಒಂದು ಕಾಯ್ದೆ ಬಂತು. 18 ವರ್ಷದೊಳಗಿನವರನ್ನು ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು, ಅದೂ ಊಟದ ಸಮಯ ಸೇರಿಸಿ. ನನಗೆ ಈಗ ಹದಿನೇಳು. ಆರು ದಿನಕ್ಕೆ ಭಾಗಿಸಿ ನೋಡಿದೆ. ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು. ಅದು ರಿಯಾಯಿತಿ! ಅದಕ್ಕೂ ಮೊದಲು ಎಷ್ಟಿದ್ದಿರಬೇಕು ಎಂದು ಊಹಿಸಿ. ಆ ಕಾಯ್ದೆಯಲ್ಲಿ ತಪಾಸಣೆಗೆ ಇನ್‌ಸ್ಪೆಕ್ಟರುಗಳನ್ನು ನೇಮಿಸುವ ವ್ಯವಸ್ಥೆ ಇರಲಿಲ್ಲ, ಆದ್ದರಿಂದ ಮೊದಲು ಹೆಚ್ಚು ಫಲ ಕೊಡಲಿಲ್ಲ. ಲಬಕ್ ಬಿಡಲಿಲ್ಲ, ಮತ್ತೆ ಮತ್ತೆ ಮಸೂದೆ ತಂದರು. 1904ರಲ್ಲಿ ಅಂಗಡಿ ಬೇಗ ಮುಚ್ಚಿಸುವ ಕಾಯ್ದೆ ಬಂತು. 1911ರಲ್ಲಿ ಅಂಗಡಿ ನೌಕರರಿಗೆ ವಾರಕ್ಕೆ ಅರ್ಧ ದಿನ ರಜೆ ಕಾನೂನಾಯಿತು. ಆಗ ಅವರಿಗೆ 77 ವರ್ಷ.

ಇರುವೆ, ಕಲ್ಲು, ಪುಸ್ತಕ

ಅವರ ಉಳಿದ ಕೆಲಸಗಳನ್ನು ಚಿಕ್ಕದಾಗಿ ಹೇಳುತ್ತೇನೆ. 1865ರಲ್ಲಿ ಇತಿಹಾಸಪೂರ್ವ ಕಾಲದ ಬಗ್ಗೆ ಬರೆದ ಪುಸ್ತಕ ಹಲವು ಮುದ್ರಣ ಕಂಡಿತು. ಅದರಲ್ಲಿ ವಸಾಹತುಗಳ ಬುಡಕಟ್ಟು ಜನರನ್ನು ಕೆಳಮಟ್ಟದವರೆಂದು ಬರೆದದ್ದನ್ನು ಇಂದು ಯಾರೂ ಒಪ್ಪುವುದಿಲ್ಲ. ಮನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇರುವೆ ಸಾಕಿ, ಅವುಗಳ ಮೈಗೆ ಬಣ್ಣದ ಚುಕ್ಕೆ ಇಟ್ಟು ಗುರುತಿಸುತ್ತಿದ್ದರು. ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಇರುವೆಗಳಿಗೆ ಗೊತ್ತಾಗುತ್ತದೆ ಎಂದು ತೋರಿಸಿಕೊಟ್ಟವರು ಅವರೇ. ಏವ್‌ಬರಿ ಎಂಬಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲುಗಳ ವೃತ್ತದ ಜಾಗದಲ್ಲಿ ಮನೆ ಕಟ್ಟಲು ಹೊರಟಾಗ ಸ್ವಂತ ದುಡ್ಡಿನಿಂದ ಆ ಜಾಗ ಕೊಂಡು ಉಳಿಸಿದರು. 1882ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಬ್ರಿಟನ್ನಿನ ಮೊದಲ ಕಾನೂನು ಬಂದದ್ದೂ ಅವರ ಶ್ರಮದಿಂದ.

ಲಂಡನ್ನಿನಲ್ಲಿ ದುಡಿಯುವ ಜನರಿಗಾಗಿ ಒಂದು ಕಾಲೇಜು ಇತ್ತು. ಲಬಕ್ 1883ರಿಂದ ಅದರ ಪ್ರಾಂಶುಪಾಲರು. 1886ರಲ್ಲಿ ಅಲ್ಲಿ ಭಾಷಣ ಮಾಡಿ, ಓದಲೇಬೇಕಾದ ನೂರು ಪುಸ್ತಕಗಳ ಪಟ್ಟಿ ಮುಂದಿಟ್ಟರು. ಅದರಲ್ಲಿ ಬೈಬಲ್ ಜತೆಗೆ ಕುರ್‌ಆನ್‌ನ ಭಾಗಗಳು, ರಾಮಾಯಣ, ಮಹಾಭಾರತ, ಕಾಳಿದಾಸನ ಶಾಕುಂತಲ, ಫಿರ್ದೌಸಿಯ ಷಾಹನಾಮೆ ಎಲ್ಲ ಇದ್ದವು. ರಜೆ ಸಿಕ್ಕಿದ ಕೆಲಸಗಾರ ಏನು ಮಾಡಬೇಕು ಎಂಬುದಕ್ಕೆ ಅವರ ಉತ್ತರ ಬಹುಶಃ ಇದೇ: ಮನೆಯವರ ಜತೆ ಇರಲಿ, ಓದಲಿ, ಹೊರಗೆ ಹೋಗಿ ಪ್ರಕೃತಿ ನೋಡಲಿ.

1900ರಲ್ಲಿ ಅವರಿಗೆ ಲಾರ್ಡ್ ಪದವಿ ಬಂತು. ತಾವು ಉಳಿಸಿದ ಕಲ್ಲುಗಳ ಊರಿನ ಹೆಸರನ್ನೇ ಆರಿಸಿಕೊಂಡು ಲಾರ್ಡ್ ಏವ್‌ಬರಿ ಆದರು. 1913ರ ಮೇ 28ರಂದು, 79ನೇ ವಯಸ್ಸಿನಲ್ಲಿ, ಕೆಂಟ್ ಪ್ರಾಂತ್ಯದ ಸಮುದ್ರ ತೀರದ ಮನೆಯಲ್ಲಿ ತೀರಿಕೊಂಡರು.

ನಮಗೆ ಉಳಿದ ಕೆಲಸ

ಲಬಕ್ ಅವರ ಜೀವನದಿಂದ ನಾನು ಕಲಿತದ್ದು ಇಷ್ಟು. ದೊಡ್ಡ ಬದಲಾವಣೆಗೆ ಯಾವಾಗಲೂ ದೊಡ್ಡ ಘೋಷಣೆ ಬೇಕಿಲ್ಲ. ಬಿಲ್ಲಿನ ತಾರೀಖಿನ ಒಂದು ನಿಯಮ ಬದಲಿಸಿ ಅವರು ಲಕ್ಷಾಂತರ ಕುಟುಂಬಗಳಿಗೆ ಒಂದು ದಿನ ಕೊಟ್ಟರು. ಆದರೆ ಆ ದಿನದ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿ ಬಂದಿದೆ, ಎಲ್ಲರ ಬಟವಾಡೆಯಲ್ಲಿ ಇನ್ನೂ ಬಂದಿಲ್ಲ.

ವಾಣಿಜ್ಯ ಓದುವ ನಮ್ಮಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ಎಲ್ಲೋ ಒಂದು ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ಲೆಕ್ಕ ಬರೆಯಲು ಕೂರುತ್ತೇವೆ. ಹಾಜರಿ ಪುಸ್ತಕ ನಮ್ಮ ಕೈಗೇ ಬರುತ್ತದೆ. ನವೆಂಬರ್ 1ರ ಚೌಕದಲ್ಲಿ ಒಬ್ಬ ಕೆಲಸಗಾರನ ಹೆಸರಿನ ಮುಂದೆ ಗೈರು ಎಂದು ಬರೆಯುತ್ತೇವೋ, ಕೂಲಿ ಸಹಿತ ರಜೆ ಎಂದು ಬರೆಯುತ್ತೇವೋ ಎಂಬುದರ ಮೇಲೆ ಒಂದು ಮನೆಯ ವಾರದ ಲೆಕ್ಕ ನಿಂತಿರುತ್ತದೆ. ಕಾನೂನು ಏನು ಹೇಳುತ್ತದೆ ಎಂದು ಈಗಲೇ ತಿಳಿದಿಟ್ಟುಕೊಳ್ಳೋಣ. ಆಗ ಸರಿಯಾಗಿ ಬರೆಯೋಣ.